ವೆಲಿಗಮಕ್ಕೆ ಹೋದ ನನ್ ತಮ್ಮ: ಒಂದು ಸರ್ಫಿಂಗ್ ಟೂರ್ ಬಿಸಿನೆಸ್‌ನ ಪೂರ್ತಿ ಲೆಕ್ಕ

2023ರ ನವೆಂಬರ್ 3, ಶುಕ್ರವಾರ ಬೆಳಗ್ಗೆ ನಾಲ್ಕು ಗಂಟೆಗೆ ನನ್ ತಮ್ಮನ್ನ ದೇವನಹಳ್ಳಿ ಏರ್‌ಪೋರ್ಟಿಗೆ ಬಿಟ್ಟು ಬಂದೆ. ಎರಡು ಬ್ಯಾಗು, ಹಳೇ ಬೆಡ್‌ಶೀಟಲ್ಲಿ ಸುತ್ತಿ ಟೇಪ್ ಹಾಕಿದ ಒಂದು ಸರ್ಫ್ ಬೋರ್ಡು, ಅಮ್ಮ ಕಟ್ಟಿಕೊಟ್ಟ ಎರಡು ಕೆಜಿ ಸಾರಿನ ಪುಡಿ, ಇಷ್ಟೇ. ಬೆಳ್ಳಂದೂರಿನ ಕಂಪನೀಲಿ ಒಂಬತ್ತು ವರ್ಷ ಟೆಸ್ಟಿಂಗ್ ಕೆಲಸ ಮಾಡಿ ರಾಜೀನಾಮೆ ಕೊಟ್ಟು, ಶ್ರೀಲಂಕಾದ ವೆಲಿಗಮದಲ್ಲಿ ಇದ್ಕೊಂಡು ದಿನಾ ಸರ್ಫ್ ಮಾಡ್ತೀನಿ, ಬೆಂಗಳೂರಿಂದ ಬರೋರಿಗೆ ಸಣ್ಣದಾಗಿ ಟೂರ್ ನಡೆಸ್ತೀನಿ ಅಂತ ಹೊರಟಿದ್ದ. ಆರು ತಿಂಗಳಿಗೆ ವಾಪಸ್ ಬಂದ. ಬಂದ್ಮೇಲೆ ಏನಾಯ್ತು ಅನ್ನೋದೂ ಈ ಕಥೇಲಿ ಮುಖ್ಯಾನೇ, ಅದಕ್ಕೆ ಶುರುವಿಂದ ಹೇಳ್ತೀನಿ.

ನಾನು ಗಾಂಧಿ ಬಜಾರ್ ಹತ್ರ ಒಂದು ಆಡಿಟರ್ ಆಫೀಸಲ್ಲಿ ಲೆಕ್ಕಪತ್ರ ನೋಡ್ಕೊಳ್ಳೋಳು, ಹದಿನಾರು ವರ್ಷ ಆಯ್ತು. ಅವನ ಲೆಕ್ಕಾನೂ ನಾನೇ ಬರೆದಿದ್ದು. ಹೀಗೇ ಕೆಲಸ ಬಿಟ್ಟು ಬಾಲಿಗೋ ಲಂಕಾಗೋ ಹೋಗ್ತೀವಿ ಅನ್ನೋರು ಈಗ ನಮ್ ಆಫೀಸಿಗೇ ಬಂದು ಕೇಳ್ತಾರೆ, ಪ್ರತಿಸಲ ಅದೇ ಪ್ರಶ್ನೆಗಳು. ಇವನ ಒಂದು ಪ್ರಕರಣ ಪೂರ್ತಿ ಬರೆದಿಟ್ರೆ ನಾಲ್ಕು ಜನಕ್ಕೆ ಉಪಯೋಗ ಆಗತ್ತೆ ಅಂತ ಅವನನ್ನ ಕೇಳ್ದೆ. ಬರಿ ಅಕ್ಕ, ಹೆಸರೊಂದು ಬೇಡ ಅಂದ.

ಅವನಿಗೆ ಈ ಹುಚ್ಚು ಹತ್ತಿದ್ದು ಮೂಲ್ಕೀಲಿ. ಅಲ್ಲಿ 2004ರಲ್ಲೇ ಮಂತ್ರ ಸರ್ಫ್ ಕ್ಲಬ್ ಶುರುವಾಗಿತ್ತು, ಆಗ ನಮ್ ದೇಶದಲ್ಲಿ ಸರ್ಫಿಂಗ್ ಅಂದ್ರೇನೇ ಜನಕ್ಕೆ ಗೊತ್ತಿರಲಿಲ್ಲ. ಪಕ್ಕದ ಸಸಿಹಿತ್ಲುವಲ್ಲಿ ಶಾಂಭವಿ, ನಂದಿನಿ ಎರಡೂ ನದಿ ಸೇರಿ ಸಮುದ್ರಕ್ಕೆ ಬೀಳೋ ಜಾಗ ಇದೆ, ಅಳಿವೆ ಬಾಯಲ್ಲಿ ಮರಳಿನ ದಿಬ್ಬ ಏಳತ್ತೆ, ಅದರ ಮೇಲೆ ಅಲೆ ಚೆನ್ನಾಗಿ ಒಡೆಯತ್ತೆ, ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ಕೂಡ ಅಲ್ಲಿ ನಡೆದಿದೆ. ಇವನು 2016ರಲ್ಲಿ ಆಫೀಸ್ ಗೆಳೆಯರ ಜೊತೆ ಒಂದ್ಸಲ ಹೋದೋನು ಆಮೇಲೆ ತಿಂಗಳಿಗೆ ಎರಡು ಸಲ ಹೋಗೋಕೆ ಶುರುಮಾಡ್ದ. ಶುಕ್ರವಾರ ರಾತ್ರಿ ಬಸ್ಸು, ಶನಿವಾರ ಬೆಳಗಿಂದ ನೀರಲ್ಲಿ, ಭಾನುವಾರ ರಾತ್ರಿ ಮತ್ತೆ ಬಸ್ಸು, ಸೋಮವಾರ ಬೆಳಗ್ಗೆ ಕಿವೀಲಿ ಉಪ್ಪುನೀರು ಇಟ್ಕೊಂಡೇ ಮೀಟಿಂಗು. ಏಳು ವರ್ಷ ಹೀಗೇ. ಜೊತೆಗೆ ಬೆಂಗಳೂರಿನ ಹುಡುಗ್ರು ಹುಡುಗೀರ್ನ ಗುಂಪು ಕಟ್ಕೊಂಡು ಹೋಗೋನು, ಬಸ್ ಬುಕ್ ಮಾಡೋದು, ರೂಮು, ಮೀನು ತಿನ್ನದೋರಿಗೆ ಊಟ, ನೀರಂದ್ರೆ ಹೆದರೋರ ಪಕ್ಕ ನಿಂತು ಕೈ ಹಿಡ್ಕೊಳ್ಳೋದು, ಎಲ್ಲ ಇವನದೇ. ಒಂದು ಪೈಸೆ ತಗೋತಿರಲಿಲ್ಲ. ಈ ವಿಷಯ ನೆನಪಿಟ್ಕೊಳಿ, ಕೊನೇಲಿ ಎಲ್ಲ ಇಲ್ಲಿಗೇ ಬಂದು ನಿಲ್ಲತ್ತೆ.

ವೆಲಿಗಮ ಯಾಕೆ ಅಂದ್ರೆ ಕಾರಣ ಇತ್ತು. ಬೆಂಗಳೂರಿಂದ ಕೊಲಂಬೊಗೆ ಒಂದೂವರೆ ಗಂಟೆ ವಿಮಾನ, ಅಲ್ಲಿಂದ ಸದರ್ನ್ ಎಕ್ಸ್‌ಪ್ರೆಸ್‌ವೇ ಹಿಡಿದ್ರೆ ಊಟದ ಹೊತ್ತಿಗೆ ಸಮುದ್ರದ ಮುಂದೆ. 2023ರ ಕೊನೇಲಿ ಭಾರತದೋರಿಗೆ ವೀಸಾ ಫೀಸೂ ತೆಗೆದ್ರು. 2022ರಲ್ಲಿ ಪೆಟ್ರೋಲಿಗೆ ದಿನಗಟ್ಟಲೆ ಕ್ಯೂ ನಿಂತು ನೊಂದಿದ್ದ ದೇಶ ಆಗಷ್ಟೇ ಚೇತರಿಸ್ಕೋತಾ ಇತ್ತು, ಹೊರಗಿಂದ ಬರೋರು ಬೇಕಿತ್ತು. ನಮ್ ಒಂದು ರೂಪಾಯಿಗೆ ಅಲ್ಲಿಯ ಮೂರೂವರೆಗಿಂತ ಜಾಸ್ತಿ ಸಿಗ್ತಿತ್ತು.

ಎಲ್ಲಕ್ಕಿಂತ ಹೆಚ್ಚಾಗಿ ಅಲ್ಲಿನ ಅಲೆ. ಅವನು ನಂಗೆ ಅಡುಗೆಮನೇಲಿ ಸಾಸಿವೆ ಡಬ್ಬಿ, ಸೌಟು ಎಲ್ಲ ಇಟ್ಟು ವಿವರಿಸಿದ್ದ. ದಡದಲ್ಲಿ ಒಡೆಯೋ ಅಲೆ ಅಲ್ಲಿಯ ಗಾಳಿಯಿಂದ ಆಗಿದ್ದಲ್ಲ. ಕೆಳಗೆ ಎಲ್ಲೋ ಅಂಟಾರ್ಕ್ಟಿಕಾ ಕಡೆ ದಕ್ಷಿಣ ಸಾಗರದಲ್ಲಿ ಬಿರುಗಾಳಿ ಎದ್ದು ನೀರನ್ನ ತಳ್ಳತ್ತೆ, ಆ ಅಲೆಗಳ ಸಾಲು, ಇವರು ಸ್ವೆಲ್ ಅಂತಾರೆ, ಸಾವಿರಾರು ಕಿಲೋಮೀಟರ್ ಸಾಗಿ ಬರತ್ತೆ. ಎರಡು ಅಲೆ ನಡುವೆ ಎಷ್ಟು ಸೆಕೆಂಡ್ ಅನ್ನೋದು ಮುಖ್ಯ, 15 ಸೆಕೆಂಡ್ ಇದ್ರೆ ದೂರದಿಂದ ಬಂದ ಗಟ್ಟಿ ಸ್ವೆಲ್, ಗಂಟೆಗೆ ಸುಮಾರು 40 ಕಿಲೋಮೀಟರ್ ವೇಗದಲ್ಲಿ ಬರ್ತಿರತ್ತೆ, ಆರೇಳು ಸೆಕೆಂಡ್ ಇದ್ರೆ ಹತ್ತಿರದ ಗಾಳಿಯ ಗಜಿಬಿಜಿ. ನೀರು ಆಳ ಕಮ್ಮಿ ಆಗ್ತಾ ಬಂದಾಗ ಅಲೆಯ ಕಾಲು ನೆಲಕ್ಕೆ ತಾಗಿ ತಲೆ ಮುಂದಕ್ಕೆ ಬೀಳತ್ತೆ. ಕೆಳಗೆ ಬಂಡೆ ಇದ್ರೆ ಒಂದೇ ಸಲ ಧಡಕ್ ಅಂತ ಬೀಳತ್ತೆ, ಇಳಿಜಾರು ಕಮ್ಮಿ ಇರೋ ಮರಳು ಇದ್ರೆ ನಿಧಾನಕ್ಕೆ ಜಾರತ್ತೆ. ವೆಲಿಗಮ ಅಂದ್ರೆ ಸಿಂಹಳದಲ್ಲಿ ಮರಳಿನ ಊರು ಅಂತಾನೇ ಅರ್ಥ. ಅಗಲವಾದ ಕೊಲ್ಲಿ, ಕಾಲ್ಕೆಳಗೆ ಮರಳು, ಬಿದ್ರೆ ಗಾಯ ಆಗೋದು ಕಮ್ಮಿ, ಮೊದಲ ದಿನವೇ ಬೋರ್ಡ್ ಮೇಲೆ ಎದ್ದು ನಿಲ್ಲಬಹುದು. ನವೆಂಬರಿಂದ ಏಪ್ರಿಲ್ ತನಕ ಗಾಳಿ ನೆಲದ ಕಡೆಯಿಂದ ಸಮುದ್ರಕ್ಕೆ ಬೀಸೋ ದಿನಗಳು ಜಾಸ್ತಿ, ಅಲೆಯ ಮುಖ ಇಸ್ತ್ರಿ ಹಾಕಿದಂಗೆ ನುಣುಪಾಗಿರತ್ತೆ. ಮೇ ತಿಂಗಳಲ್ಲಿ ನೈಋತ್ಯ ಮಾರುತ ಬಂತೋ, ಗಾಳಿ ತಿರುಗತ್ತೆ, ಎಲ್ಲ ಕದಡಿ ಹೋಗತ್ತೆ.

ಅಲ್ಲಿ ಹೋಗಿ ಬೀಚಿಂದ ಇನ್ನೂರು ಮೀಟರ್ ಒಳಗೆ ಒಂದು ಮನೇಲಿ ಮೇಲಿನ ರೂಮು ಹಿಡಿದ. ಮನೆಯಾಕೆಗೆ ಐವತ್ತು ದಾಟಿದೆ, ಗಂಡ ಮೀನುಗಾರ. ಅಕ್ಕ ಅನ್ನೋದಕ್ಕೆ ಸಿಂಹಳದಲ್ಲೂ ಅಕ್ಕಾ ಅಂತಾನೇ, ಇವನು ಮೊದಲ ದಿನವೇ ಹಾಗೆ ಕರೆದ, ಆಕೆಗೆ ಆಶ್ಚರ್ಯ. ಆಕೆಯ ಅಕ್ಕನ ಮಗ ಒಬ್ಬ ಹುಡುಗ ಬೀಚಲ್ಲಿ ಬೋರ್ಡ್ ಬಾಡಿಗೆ ಕೊಟ್ಕೊಂಡು ಪಾಠ ಹೇಳ್ಕೊಡ್ತಿದ್ದ, ಅವನನ್ನ ಎಲ್ರೂ ಮಲ್ಲಿ ಅಂತ ಕರೀತಿದ್ರು, ಮಲ್ಲಿ ಅಂದ್ರೆ ತಮ್ಮ. ಕೋಚ್ ಸರ್ಟಿಫಿಕೇಟು, ಲೈಫ್‌ಗಾರ್ಡ್ ಟ್ರೈನಿಂಗು ಎರಡೂ ಆ ಹುಡುಗನ ಹತ್ರ ಇತ್ತು. ಮರಳ ಮೇಲೆ ಯಾವ ಮನೆಯೋರು ಎಲ್ಲಿ ಬೋರ್ಡ್ ನಿಲ್ಲಿಸ್ಬೇಕು ಅನ್ನೋದು ಅಲ್ಲಿ ಮೊದಲಿಂದ ಗೊತ್ತಾಗಿ ಹೋಗಿರೋ ವಿಷಯ, ಹೊರಗಿನೋನು ಹೋಗಿ ಹತ್ತು ಬೋರ್ಡ್ ನಿಲ್ಲಿಸಿದ್ರೆ ಯಾರೂ ಸುಮ್ನಿರಲ್ಲ. ಇವನು ಆರು ಹಳೇ ಸಾಫ್ಟ್ ಬೋರ್ಡ್ ತಗೊಂಡು ಮಲ್ಲಿಯ ಜಾಗದಲ್ಲೇ ನಿಲ್ಲಿಸ್ದ.

ನವೆಂಬರ್ ಕೊನೇಲಿ ಮೊದಲ ಗುಂಪು ಹೋಯ್ತು, ಎಂಟು ಜನ, ಎಲ್ಲ ಮೂಲ್ಕಿ ಗೆಳೆಯರು. ಮೊದಲ ತೊಂದರೆ ನೀರಲ್ಲಲ್ಲ, ತಟ್ಟೇಲಿ ಬಂತು. ಅಲ್ಲಿ ಚಟ್ನಿ ಥರದ ತೆಂಗಿನಕಾಯಿ ಸಂಬೋಲಕ್ಕೆ, ಎಷ್ಟೋ ಸಲ ತರಕಾರಿ ಪಲ್ಯಕ್ಕೂ, ಉಂಬಲಕಡ ಅಂತ ಒಣಗಿಸಿದ ಮೀನಿನ ಚೂರು ಹಾಕ್ತಾರೆ. ಅವರ ಪ್ರಕಾರ ಅದು ಒಗ್ಗರಣೆ ಸಾಮಾನು ಇದ್ದಂಗೆ, ವೆಜಿಟೇರಿಯನ್ ಅಂದ್ರೂ ಹಾಕ್ತಾರೆ, ಮೋಸ ಮಾಡೋಕಲ್ಲ. ನಮ್ ಮಲ್ಲೇಶ್ವರದ ಒಬ್ಬರು ಎರಡು ದಿನ ಖುಷಿಯಾಗಿ ತಿಂದು ಮೂರನೇ ದಿನ ಏನಿದು ಪುಡಿ ಅಂತ ಕೇಳಿ, ಗೊತ್ತಾದ್ಮೇಲೆ ಪಾಪ ಕೂತು ಅತ್ತುಬಿಟ್ರು. ಅವತ್ತಿಂದ ಇವನು ಆ ಮನೆಯಾಕೆ ಅಕ್ಕನ ಅಡುಗೆಮನೇಲಿ ನಿಂತು ಅಮ್ಮನ ಪುಡೀಲಿ ಸಾರು ಮಾಡೋದು ತೋರಿಸ್ದ, ಬೇರೆ ಪಾತ್ರೆ ಬೇರೆ ಸೌಟು ಇಟ್ಟ. ಡಿಸೆಂಬರ್ ಹೊತ್ತಿಗೆ ಆಕೆ ನಮ್ಮನೇಗಿಂತ ಚೆನ್ನಾಗಿ ಬೇಳೆ ಸಾರು ಮಾಡ್ತಿದ್ರಂತೆ.

ಡಿಸೆಂಬರ್ 29ರ ಬೆಳಗ್ಗೆ ನಡೆದಿದ್ದನ್ನ ಅವನು ನಂಗೆ ಹೇಳಿದ್ದು ಮಾರ್ಚಲ್ಲಿ. ಅವತ್ತು ಸ್ವೆಲ್ ಸ್ವಲ್ಪ ದೊಡ್ಡದಿತ್ತು. ಏಳು ಜನ ಕಲಿಯೋರು, ಇವನು ಮತ್ತೆ ಮಲ್ಲಿ ಇಬ್ರೇ. ಕೊಲ್ಲಿಯ ತುದೀಲಿ, ಪಕ್ಕದ ಮಿರಿಸ್ಸ ಊರಿನ ಕಡೆ, ಪೊಲ್ವತ್ತ ಹೊಳೆ ಸಮುದ್ರಕ್ಕೆ ಸೇರತ್ತೆ, ಇವರು ನಿಂತಿದ್ದು ಅದರಿಂದ ದೂರವೇ, ಆದ್ರೆ ನೀರು ನಿಧಾನಕ್ಕೆ ಪಕ್ಕಕ್ಕೆ ಎಳೀತಿತ್ತು. ನಲವತ್ತೆರಡು ವರ್ಷದ ಒಬ್ಬರು, ಫಾರ್ಮಲ್ಲಿ ಈಜು ಬರತ್ತೆ ಅಂತ ಟಿಕ್ ಮಾಡಿದ್ದೋರು, ಸೊಂಟದುದ್ದ ನೀರಲ್ಲಿ ಬೋರ್ಡ್ ಹಿಡ್ಕೊಂಡು ನಿಂತಿದ್ದೋರು ಐದು ನಿಮಿಷದಲ್ಲಿ ಕಾಲಿಗೆ ನೆಲ ಸಿಗದ ಜಾಗದಲ್ಲಿದ್ರು. ದಡಕ್ಕೆ ಬಂದ ನೀರು ವಾಪಸ್ ಹೋಗೋ ದಾರಿ ಅದು, ರಿಪ್ ಅಂತಾರೆ, ಅಲ್ಲಿ ಅಲೆ ಒಡೆಯಲ್ಲ, ನೋಡೋಕೆ ಅದೇ ಜಾಗ ಶಾಂತವಾಗಿ ಕಾಣತ್ತೆ, ಗೊತ್ತಿಲ್ಲದೋರು ಅಲ್ಲಿಗೇ ಹೋಗ್ತಾರೆ. ಅವರು ದಡದ ಕಡೆಗೆ ನೇರ ಕೈ ಬಡೀತಿದ್ರು, ಮುಂದೆ ಬರ್ತಾನೇ ಇರಲಿಲ್ಲ. ಇವನ ಹತ್ರ ಆರು ಜನ ನೀರಲ್ಲಿದಾರೆ, ಬಿಟ್ಟು ಹೋಗೋ ಹಾಗಿಲ್ಲ. ಮಲ್ಲಿ ತನ್ನ ಬೋರ್ಡ್ ಮೇಲೆ ಮಲಗಿ ಹೊರಟ, ಹೋಗ್ತಾ ಹೆಮಿನ್ ಹೆಮಿನ್ ಅಂತ ಕೂಗ್ತಿದ್ದ, ನಿಧಾನ ನಿಧಾನ ಅಂತ. ಅವರಿಗೆ ಸಿಂಹಳ ಅರ್ಥ ಆಗಲಿಲ್ಲ, ಆದ್ರೆ ಆ ಧ್ವನಿ ಕೇಳಿ ಕೈ ಬಡಿಯೋದು ನಿಲ್ಲಿಸಿ ಬೋರ್ಡ್ ತಬ್ಕೊಂಡ್ರು. ಬೋರ್ಡಿಂದ ಕಾಲಿಗೆ ಕಟ್ಟೋ ಹಗ್ಗ, ಲೀಶ್ ಅಂತಾರೆ, ಅದು ಇದ್ದಿದ್ದಕ್ಕೆ ಬೋರ್ಡ್ ಅವರ ಜೊತೇಲೇ ಇತ್ತು, ಇಲ್ಲದಿದ್ರೆ ಮೊದಲ ಅಲೆಗೇ ಹೋಗ್ತಿತ್ತು. ಮಲ್ಲಿ ಅವರನ್ನ ದಡದ ಕಡೆ ಎಳೀಲಿಲ್ಲ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಕರ್ಕೊಂಡು ಹೋಗಿ, ಅಲೆ ಒಡೆಯೋ ಜಾಗಕ್ಕೆ ಬಂದ್ಮೇಲೆ ಅದರ ಮೇಲೇ ಇಬ್ರೂ ಜಾರಿ ಬಂದ್ರು. ಹನ್ನೆರಡು ನಿಮಿಷ.

ಏನೂ ಆಗಲಿಲ್ಲ. ಆದ್ರೆ ಅವತ್ತು ರಾತ್ರಿ ಇವನು ಅವರ ಟ್ರಾವೆಲ್ ಇನ್ಶೂರೆನ್ಸ್ ಪಾಲಿಸಿ ಓದ್ದ. ಸಾಹಸ ಕ್ರೀಡೆಗೆ ಅನ್ವಯ ಆಗಲ್ಲ ಅಂತ ಸ್ಪಷ್ಟವಾಗಿತ್ತು, ಬೇರೆ ಕವರ್ ಸೇರಿಸ್ಕೋಬೇಕಿತ್ತು. ಇವನ ಕಡೆ ಯಾವ ಇನ್ಶೂರೆನ್ಸೂ ಇಲ್ಲ, ಇರೋಕೂ ಸಾಧ್ಯ ಇಲ್ಲ, ಯಾಕಂದ್ರೆ ಕಾಗದದ ಮೇಲೆ ಇವನ ಬಿಸಿನೆಸ್ಸೇ ಇಲ್ಲ. ಏಳು ಜನರ ಜೀವದ ಹೊಣೆ ಹೊತ್ತು ನೀರಲ್ಲಿ ನಿಂತಿದ್ದೋನು ಕಾನೂನು ಪ್ರಕಾರ ಬರೀ ಒಬ್ಬ ಪ್ರವಾಸಿ. ಇದನ್ನ ಕೇಳ್ದಾಗ ನಂಗೆ ಕೈಕಾಲು ತಣ್ಣಗಾಯ್ತು, ನಿಜವಾಗ್ಲೂ.

ವೀಸಾ ವಿಷಯ ಹೀಗೆ. ಟೂರಿಸ್ಟ್ ವೀಸಾ ಮುಂದುವರಿಸ್ಕೋಬಹುದು, ಫೀಸ್ ಕಟ್ಟಿದ್ರೆ ಆಗತ್ತೆ, ಆದ್ರೆ ಎಷ್ಟು ತಿಂಗಳು ಮುಂದುವರಿಸಿದ್ರೂ ಕೆಲಸ ಮಾಡೋ ಹಕ್ಕು ಅದರಲ್ಲಿ ಬರಲ್ಲ. ದುಡ್ಡು ಬೆಂಗಳೂರಲ್ಲೇ ತಗೋತೀನಿ, ಅಲ್ಲಿ ಏನೂ ತಗೊಳ್ಳಲ್ಲ, ಹಾಗಾಗಿ ಅಲ್ಲಿ ಕೆಲಸ ಮಾಡ್ದಂಗಲ್ಲ ಅನ್ನೋದು ಇವನ ವಾದ. ತಪ್ಪು. ದಡದಲ್ಲಿ ನಿಂತು ಪಾಠ ಹೇಳಿದ್ರೆ ಅದು ಕೆಲಸವೇ, ದುಡ್ಡು ಯಾವ ಬ್ಯಾಂಕಿಗೆ ಬೀಳತ್ತೆ ಅನ್ನೋದು ಆಮೇಲಿನ ಮಾತು. 2024ರ ಫೆಬ್ರವರೀಲಿ ಅದೇ ದಕ್ಷಿಣ ಕರಾವಳೀಲಿ ದೊಡ್ಡ ಗಲಾಟೆ ಆಯ್ತು. ಟೂರಿಸ್ಟ್ ವೀಸಾದಲ್ಲೇ ಉಳ್ಕೊಂಡು ಬಿಸಿನೆಸ್ ಮಾಡ್ತಿದಾರೆ ಅಂತ ರಷ್ಯಾ, ಯುಕ್ರೇನ್‌ನೋರ ಮೇಲೆ ಊರೋರು ಸಿಟ್ಟಾಗಿದ್ರು, ಅವರಿಗೆ ಕೊಟ್ಟಿದ್ದ ವೀಸಾ ವಿಸ್ತರಣೆ ಮುಗೀತು, ಎರಡು ವಾರದಲ್ಲಿ ಹೊರಡಿ ಅಂತ ಇಮಿಗ್ರೇಶನ್ ಇಲಾಖೆ ಹೇಳ್ತು, ಆಮೇಲೆ ಅಧ್ಯಕ್ಷರೇ ಆ ಆದೇಶದ ಬಗ್ಗೆ ವಿಚಾರಣೆಗೆ ಹೇಳಿದ್ರು, ಅದು ಬೇರೆ. ಊರೋರ ಸಿಟ್ಟು ನಂಗೆ ಅರ್ಥ ಆಗತ್ತೆ. 2019ರ ಈಸ್ಟರ್ ಬಾಂಬು, ಆಮೇಲೆ ಕೊರೋನ, ಆಮೇಲೆ 2022, ಇಷ್ಟೆಲ್ಲ ನೋಡಿ ಈಗ ತಾನೇ ನಾಲ್ಕು ಕಾಸು ಬರೋ ಹೊತ್ತಲ್ಲಿ ಹೊರಗಿನೋರು ಬಂದು ಅದನ್ನೂ ತಗೊಂಡ್ರೆ ಯಾರಿಗೆ ಸಹಿಸತ್ತೆ. ಆ ವಾರ ಒಬ್ಬ ಹಿರಿಯರು ಇವನ ಹತ್ರ ಬಂದು ಮೆತ್ತಗೇ ಹೇಳಿದ್ರಂತೆ, ನೀನು ಒಳ್ಳೇ ಹುಡುಗ, ಜನ ಕರ್ಕೊಂಡು ಬಾ, ಪಾಠ ಮಾತ್ರ ನಮ್ ಹುಡುಗ್ರು ಹೇಳ್ಲಿ ಅಂತ. ಇವನು ಅವತ್ತಿಂದ ಕಲಿಸೋದು ನಿಲ್ಲಿಸ್ದ.

ಆಗ ಇವನ ತಲೇಲಿ ಬಂದಿದ್ದು, ಸರಿ, ಕಾನೂನು ಪ್ರಕಾರವೇ ಅಲ್ಲೊಂದು ಕಂಪನಿ ಮಾಡೋಣ ಅಂತ. ಯಾರೋ ಪರಿಚಯದೋರು ಒಂದು ಗೆಸ್ಟ್‌ಹೌಸ್ ಲೀಸಿಗಿದೆ, ನನ್ ಹೆಸರಲ್ಲಿ ಮಾಡ್ಸೋಣ, ನೀನು ಎಂಟು ಲಕ್ಷ ಹಾಕು, ನಾವಿಬ್ರೂ ಒಂದು ಕಾಗದ ಬರ್ಕೊಳೋಣ ಅಂದಿದ್ರು. ಅವನು ಫೋನಲ್ಲಿ ಹೇಳ್ದಾಗ ನಾನು, ಒಂದು ರೂಪಾಯಿ ಕೊಡ್ಬೇಡ ಕಣೋ, ಮೊದಲು ವಕೀಲರ ಹತ್ರ ಹೋಗು ಅಂದೆ. ಹತ್ತಿರದ ಗಾಲೆ ಪಟ್ಟಣದಲ್ಲಿ ಒಬ್ಬ ವಕೀಲರು ಎರಡು ಗಂಟೆ ಕೂತು ಬಿಡಿಸಿ ಹೇಳಿದ್ರು. ಟ್ರಾವೆಲ್ ಏಜೆನ್ಸಿ ಥರದ ಬಿಸಿನೆಸ್‌ನಲ್ಲಿ ಹೊರದೇಶದೋರ ಪಾಲು ಶೇ. 40ರ ತನಕ, ಅದಕ್ಕಿಂತ ಜಾಸ್ತಿ ಬೇಕಂದ್ರೆ ಬೋರ್ಡ್ ಆಫ್ ಇನ್ವೆಸ್ಟ್‌ಮೆಂಟ್ ಒಪ್ಪಿಗೆ ಬೇಕು. ಜನರನ್ನ ಸುತ್ತಾಡಿಸ್ಬೇಕಂದ್ರೆ ಪ್ರವಾಸೋದ್ಯಮ ಪ್ರಾಧಿಕಾರದ ನೋಂದಣಿ, ಗೈಡಿಗೆ ಬೇರೆ ಲೈಸೆನ್ಸು. ಜಮೀನು ಹೊರದೇಶದೋರ ಹೆಸರಿಗೆ ಆಗಲ್ಲ, ಲೀಸ್ ಮಾತ್ರ. ಬೇರೆಯೋರ ಹೆಸರಲ್ಲಿ ಮಾಡಿ ಹಿಂದೆ ಗುಟ್ಟಾಗಿ ಕಾಗದ ಬರ್ಕೊಂಡ್ರೆ, ನಾಳೆ ಜಗಳ ಆದ ದಿನ ಆ ಕಾಗದ ಹಿಡ್ಕೊಂಡು ಕೋರ್ಟಿಗೆ ಹೋದ್ರೆ ನಾನು ನಿಯಮ ಮೀರಿದೀನಿ ಅಂತ ತಾನೇ ಬರ್ಕೊಟ್ಟಂಗೆ. ವಕೀಲರ ಫೀಸು, ತರ್ಜುಮೆ, ಓಡಾಟ ಎಲ್ಲ ಸೇರಿ ನಮ್ ದುಡ್ಡಲ್ಲಿ 1,10,000 ಆಯ್ತು. ಇಡೀ ಆರು ತಿಂಗಳಲ್ಲಿ ಅವನು ಖರ್ಚು ಮಾಡಿದ್ದರಲ್ಲಿ ಅತ್ಯಂತ ಸದುಪಯೋಗ ಆಗಿದ್ದು ಆ ದುಡ್ಡೇ ಅಂತ ನನ್ ಅಭಿಪ್ರಾಯ, ಎಂಟು ಲಕ್ಷ ಉಳೀತು.

ನಮ್ ದೇಶದ ಕಡೆ ನಿಯಮಾನೂ ಇದೆ, ಇದನ್ನ ಯಾರೂ ಕೇಳೋದೇ ಇಲ್ಲ. ಹೊರದೇಶದ ಕಂಪನೀಲಿ ಪಾಲು ತಗೊಳೋಕೆ ಇಲ್ಲಿರೋ ಒಬ್ಬ ವ್ಯಕ್ತಿ ವರ್ಷಕ್ಕೆ 2,50,000 ಡಾಲರ್ ಮಿತಿಯೊಳಗೆ ಕಳಿಸ್ಬಹುದು, ಆದ್ರೆ ಬ್ಯಾಂಕ್ ಮೂಲಕವೇ ಹೋಗ್ಬೇಕು. 2022ರ ಆಗಸ್ಟಲ್ಲಿ ಬಂದ ಹೊಸ ನಿಯಮದ ಪ್ರಕಾರ ಫಾರ್ಮ್ ತುಂಬ್ಬೇಕು, ಅಲ್ಲಿನ ಕಂಪನಿ ನಮ್ ಕೈಲಿದ್ರೆ ಅದು ಹೆಂಗೆ ನಡೀತಿದೆ ಅಂತ ಪ್ರತಿವರ್ಷ ಡಿಸೆಂಬರ್ 31ರೊಳಗೆ ವರದಿ ಕೊಡ್ಬೇಕು. ಕೈಯಲ್ಲಿ ನೋಟು ತಗೊಂಡು ಹೋಗಿ ಕೊಡೋದು, ಗೆಳೆಯನ ಖಾತೆ ಮೂಲಕ ಕಳ್ಸೋದು, ಇವೆಲ್ಲ ಆಮೇಲೆ ತಲೆನೋವು. ಇನ್ನೊಂದು, ನಾನು ಹೊರದೇಶದಲ್ಲಿದೀನಲ್ಲ, ಎನ್‌ಆರ್‌ಐ ಅಲ್ವಾ, ಟ್ಯಾಕ್ಸ್ ಇಲ್ಲ ಅಲ್ವಾ ಅಂತ ಅವನು ನಂಬಿದ್ದ. ಲೆಕ್ಕ ಹಾಕಿ ತೋರಿಸ್ದೆ. ಏಪ್ರಿಲ್ 1ರಿಂದ ನವೆಂಬರ್ 3ರ ತನಕ 217 ದಿನ ಇಲ್ಲೇ ಇದ್ದಾನೆ, 182ರ ಮಿತಿ ದಾಟ್ತು, ಆ ವರ್ಷ ತೆರಿಗೆ ಲೆಕ್ಕದಲ್ಲಿ ಅವನು ಇಲ್ಲಿನ ರೆಸಿಡೆಂಟೇ, ಎಲ್ಲಿ ದುಡಿದ್ರೂ ಇಲ್ಲಿ ತೋರಿಸ್ಬೇಕು. ಅದೂ ಅಲ್ದೆ, ಬೆಂಗಳೂರಲ್ಲಿ ಕೂತು ಹೊರದೇಶದ ಟೂರ್ ಪ್ಯಾಕೇಜ್ ಮಾರೋನು ಗಿರಾಕಿ ಹತ್ರ ಟಿಸಿಎಸ್, ಅಂದ್ರೆ ಮಾರೋನೇ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟೋ ತೆರಿಗೆ, ಹಿಡೀಬೇಕು, ಆಗ ಏಳು ಲಕ್ಷದ ತನಕ ಶೇ. 5 ಇತ್ತು. ಇವನು ಎಲ್ರ ಹತ್ರಾನೂ ಯುಪಿಐನಲ್ಲಿ ಸೇವಿಂಗ್ಸ್ ಅಕೌಂಟಿಗೆ ಹಾಕಿಸ್ಕೊಂಡಿದ್ದ. ಅದನ್ನ ಸರಿಮಾಡೋಕೆ ನಂಗೆ ಎರಡು ತಿಂಗಳು ಹಿಡೀತು, ಬಡ್ಡಿ ಸಮೇತ ಕಟ್ಟಿದ್ವಿ, ಆ ದುಡ್ಡು ನಾನು ಕೊಟ್ಟಿದ್ದು, ಕೆಳಗಿನ ಲೆಕ್ಕದಲ್ಲಿ ಸೇರಿಲ್ಲ.

ಮೊದಲ ಸೀಸನ್ ಲೆಕ್ಕ ಇಷ್ಟು. 61 ಜನ ಬಂದ್ರು. ವಿಮಾನದ ಟಿಕೆಟ್ ಬಿಟ್ಟು ತಲೆಗೆ ಸರಾಸರಿ 42,000 ತಗೊಂಡಿದ್ದ, ರೂಮು, ಊಟ, ವ್ಯಾನು, ಮಲ್ಲಿಯ ಪಾಲು ಎಲ್ಲ ಕಳೆದು ತಲೆಗೆ 9,000 ಉಳೀತು, ಅಂದ್ರೆ 5,49,000. ಅದರಲ್ಲಿ ಆರು ತಿಂಗಳು ಅವನ ಬಾಡಿಗೆ, ಊಟ, ಸ್ಕೂಟರು 2,70,000, ಬೋರ್ಡಿಗೆ 1,50,000, ವಕೀಲರಿಗೆ 1,10,000. ಕೈಯಲ್ಲಿ ಉಳಿದಿದ್ದು 19,000 ರೂಪಾಯಿ. ಮುಂದೆ ಆರು ತಿಂಗಳು ಅಲೆ ಇಲ್ಲ.

ಅಲೆ ಇಲ್ಲ ಅಂದ್ರೆ ಅಲ್ಲಿ ಇಲ್ಲ, ಪೂರ್ವದ ಕಡೆ ಅರುಗಮ್ ಬೇನಲ್ಲಿ ಮೇನಿಂದ ಸೆಪ್ಟೆಂಬರ್ ತನಕ ಸೀಸನ್ನು. ದಕ್ಷಿಣದಲ್ಲಿ ಕದಡೋ ಅದೇ ನೈಋತ್ಯ ಗಾಳಿ ಆ ಕಡೆ ನೆಲದಿಂದ ಸಮುದ್ರಕ್ಕೆ ಬೀಸತ್ತೆ. ಅವನು ಅಲ್ಲಿಗೂ ಹೋಗಿ ನೋಡಿ ಬಂದ. ಕೊಲಂಬೊಯಿಂದ ಇಡೀ ದಿನದ ದಾರಿ, ಅಲ್ಲಿನ ಮುಖ್ಯ ಸರ್ಫಿಂಗ್ ಜಾಗ ಮೇನ್ ಪಾಯಿಂಟ್‌ನಲ್ಲಿ ಬಂಡೆ, ಗೊತ್ತಿರೋರಿಗೆ ಮಾತ್ರ, ಹೊಸಬರಿಗೆ ಬೇರೆ ಸಣ್ಣ ಜಾಗಗಳಿವೆ. ನಾಲ್ಕು ದಿನ ರಜಾ ಹಾಕಿ ಬರೋ ಬೆಂಗಳೂರಿನೋರಿಗೆ ಎರಡು ದಿನ ದಾರೀಲೇ ಹೋಗತ್ತೆ.

ಇಲ್ಲಿ ನಾನು ಒಂದು ಕೆಲಸ ಮಾಡ್ದೆ. ಅಮ್ಮನ ಮನೇಲಿ ಗೋಡೆಗೆ ತೂಗುಹಾಕಿದ ಕ್ಯಾಲೆಂಡರ್ ಇಳಿಸಿ, ಒಂದು ಬಣ್ಣದಲ್ಲಿ ವೆಲಿಗಮದ ಅಲೆಯ ತಿಂಗಳು, ಇನ್ನೊಂದರಲ್ಲಿ ಬೆಂಗಳೂರಿನ ರಜಾ ಗುರುತು ಹಾಕ್ದೆ. ನಮ್ಮೋರು ಹೊರಡೋದು ದಸರಾಗೆ, ಕ್ರಿಸ್‌ಮಸ್ ರಜಕ್ಕೆ, ಏಪ್ರಿಲ್ ಮೇ ಬೇಸಿಗೆ ರಜಕ್ಕೆ, ಮಧ್ಯೆ ಜನವರಿ 26 ಥರ ಉದ್ದ ವೀಕೆಂಡು. ದಸರಾ ಹೊತ್ತಿಗೆ ಅಲ್ಲಿ ಇನ್ನೂ ಸೀಸನ್ ಶುರುವಾಗಿರಲ್ಲ. ಮೇನಲ್ಲಿ ಮುಗಿದಿರತ್ತೆ. ಡಿಸೆಂಬರ್ ಕೊನೇ ವಾರ ಎರಡೂ ಬಣ್ಣ ಕೂಡತ್ತೆ, ಆದ್ರೆ ಯುರೋಪಿನೋರೂ ಅವಾಗ್ಲೇ ಬರ್ತಾರೆ, ರೂಮಿನ ರೇಟು ಡಬಲ್. 61ರಲ್ಲಿ 38 ಜನ ಬಂದಿದ್ದು ಡಿಸೆಂಬರ್ ಕೊನೇ ವಾರ ಮತ್ತೆ ಜನವರಿ 26ರ ಆಚೀಚೆ. ಉಳಿದ ದಿನ ಅವನು ಅಲ್ಲಿ ಕೂತು ಬಾಡಿಗೆ ಕಟ್ತಿದ್ದ. ಸರ್ಫ್ ಮಾಡ್ತಿದ್ದ, ಹೌದು, 131 ದಿನ ನೀರಿಗಿಳಿದಿದಾನೆ ಅಂತ ಡೈರೀಲಿದೆ, ಆದ್ರೆ ಬಿಸಿನೆಸ್ ನಡೀತಿರಲಿಲ್ಲ.

ಆಮೇಲೆ ಆ 61 ಹೆಸರು ಮುಂದಿಟ್ಕೊಂಡು, ಯಾರು ಹೆಂಗೆ ಬಂದ್ರು ಅಂತ ಒಬ್ಬೊಬ್ಬರದೇ ಕೇಳ್ದೆ. ಬೀಚಲ್ಲಿ ಬೋರ್ಡ್ ನೋಡಿ ಬಂದೋರು ಒಂಬತ್ತು ಜನ. ಬಾಕಿ 52 ಜನಾನೂ ಬೆಂಗಳೂರಿಂದ, ಅವನ ಮೂಲ್ಕಿ ಗುಂಪು, ಅವರ ಅಕ್ಕತಂಗೀರು, ಅವರ ಆಫೀಸಿನೋರು. ಬುಕ್ ಮಾಡೋ ಮುಂಚೆ ಅವರೆಲ್ಲ ಕೇಳಿದ್ದು ಒಂದೇ ಮಾತು, ನೀವು ಜೊತೇಲಿ ಇರ್ತೀರಲ್ವಾ ಅಂತ. ಈಜು ಬರಲ್ಲ, ಮೀನು ತಿನ್ನಲ್ಲ, ಹೊರದೇಶಕ್ಕೆ ಮೊದಲ ಸಲ, ಮೈಮೇಲೆ ಟೈಟ್ ಬಟ್ಟೆ ಹಾಕ್ಕೊಂಡು ಎಲ್ರ ಮುಂದೆ ಬೀಳೋಕೆ ನಾಚಿಕೆ, ಇಂಥೋರು. ವೆಲಿಗಮದಲ್ಲಿ ಇವನಿಗಿಂತ ಹತ್ತು ಪಟ್ಟು ಚೆನ್ನಾಗಿ ಸರ್ಫ್ ಮಾಡೋ ಹುಡುಗ್ರು ಬೀದಿಗೆ ಇಪ್ಪತ್ತು ಜನ ಇದಾರೆ. ಆದ್ರೆ ಹನುಮಂತನಗರದ ಒಬ್ಬ ಟೀಚರಿಗೆ ಕನ್ನಡದಲ್ಲಿ ಏನೂ ಆಗಲ್ಲ ಮೇಡಂ, ನಾನಿದೀನಿ ಅನ್ನೋರು ಅಲ್ಲಿ ಯಾರೂ ಇಲ್ಲ. ಅವನು ಏಳು ವರ್ಷ ಬಿಟ್ಟಿಯಾಗಿ ಮಾಡಿದ್ದ ಕೆಲಸಾನೇ ಅವನ ಬಂಡವಾಳ, ಆ ಬಂಡವಾಳ ಇದ್ದಿದ್ದು ಬೆಂಗಳೂರಲ್ಲಿ. ಅದನ್ನ ಇಲ್ಲೇ ಬಿಟ್ಟು, ತನಗೆ ಹಕ್ಕಿಲ್ಲದ ಜಾಗದಲ್ಲಿ, ತನಗಿಂತ ಚೆನ್ನಾಗಿ ಬರೋರ ಮಧ್ಯೆ ಹೋಗಿ ಅಂಗಡಿ ಇಟ್ಟಿದ್ದ.

ಇದನ್ನ ಹೇಳ್ದಾಗ ಅವನು ಎರಡು ದಿನ ನನ್ ಜೊತೆ ಮಾತಾಡಲಿಲ್ಲ. ಮೇ ತಿಂಗಳು, ಬೆಂಗಳೂರಲ್ಲಿ ಧಗೆ, ಶ್ರೀನಗರದ ಮನೇಲಿ ಫ್ಯಾನ್ ಕೆಳಗೆ ಮಲಗಿರೋನು. ಅಮ್ಮ ಏನೂ ಕೇಳ್ತಿರಲಿಲ್ಲ, ಊಟ ಬಡಿಸೋರು ಅಷ್ಟೇ. ಸೋತು ಬಂದೆ ಅಂತ ಅವನಿಗನ್ನಿಸಿತ್ತು, ನೆಂಟ್ರು ಕೇಳ್ತಾರೆ ಅಂತ ಒಂದು ಮದುವೇಗೂ ಬರಲಿಲ್ಲ. ಮೂರನೇ ದಿನ ತಾನಾಗಿ ನನ್ ಆಫೀಸಿಗೆ ಬಂದು ಆ ಕ್ಯಾಲೆಂಡರ್ ಮತ್ತೆ ತೋರ್ಸು ಅಂದ.

ಜೂನಿಂದ ಅಕ್ಟೋಬರ್ ತನಕ ಕಾಗದದ ಕೆಲಸ ಮಾಡಿದ್ವಿ. ಇಲ್ಲಿ ಅವನ ಹೆಸರಲ್ಲಿ ಒಂದು ಸಣ್ಣ ಸಂಸ್ಥೆ, ಕರೆಂಟ್ ಅಕೌಂಟು, ಜಿಎಸ್‌ಟಿ, ಟಿಸಿಎಸ್ ಕಟ್ಟೋಕೆ ಟ್ಯಾನ್ ನಂಬರು. ಅಲ್ಲಿ ಮೊದಲೇ ನೋಂದಣಿ ಇರೋ ಒಂದು ಟೂರ್ ಆಪರೇಟರ್ ಜೊತೆ ಒಪ್ಪಂದ, ನೀರಲ್ಲಿ ಕಲಿಸೋದು ಪೂರ್ತಿ ಮಲ್ಲಿ ಮತ್ತೆ ಅವನ ಜೊತೆಯ ಹುಡುಗ್ರದ್ದು, ನಾಲ್ಕು ಜನಕ್ಕೆ ಒಬ್ಬ ಕೋಚ್, ಅದಕ್ಕಿಂತ ಕಮ್ಮಿ ಇಲ್ಲ. ಇವನು ಪ್ರತಿ ಗುಂಪಿನ ಜೊತೆ ಬಿಸಿನೆಸ್ ವೀಸಾ ತಗೊಂಡು ಹೋಗಿ ಬರ್ತಾನೆ, ದಡದಲ್ಲಿರ್ತಾನೆ. ಒಪ್ಪಂದದಲ್ಲಿ ನಾನು ಹಟ ಹಿಡಿದು ಹಾಕಿಸಿದ್ದು ಎರಡು ವಿಷಯ. ಸಮುದ್ರ ಜೋರಿದ್ದು ನೀರಿಗಿಳಿಯೋದು ಬೇಡ ಅಂತ ಮಲ್ಲಿ ಹೇಳಿದ್ರೆ ಅದೇ ಕೊನೆ ಮಾತು, ಅವತ್ತಿನ ಅವನ ದುಡ್ಡು ಕಟ್ ಆಗಲ್ಲ. ಆ ದುಡ್ಡಿನ ಚಿಂತೆ ಇದ್ರೆ ಯಾವ ಹುಡುಗನೂ ಬೇಡ ಅನ್ನಲ್ಲ, ಅದಕ್ಕೆ. ಇನ್ನೊಂದು, ಯಾರಿಗಾದ್ರೂ ಪೆಟ್ಟಾದ್ರೆ ಮೊದಲ ದಿನ ಆಸ್ಪತ್ರೆ ಖರ್ಚು ಯಾರು ಕೊಡೋದು ಅನ್ನೋದು. ಸರ್ಫಿಂಗ್ ಸೇರಿರೋ ಇನ್ಶೂರೆನ್ಸ್ ಇಲ್ಲದೋರನ್ನ ಕರ್ಕೊಂಡೇ ಹೋಗಲ್ಲ.

ಈಜು ಬರತ್ತೆ ಅನ್ನೋ ಟಿಕ್ ಮಾರ್ಕ್ ತೆಗೆದುಹಾಕಿದ್ವಿ. ಅದರ ಬದಲು ಜಯನಗರದ ಈಜುಕೊಳದಲ್ಲಿ ಭಾನುವಾರ ಬೆಳಗ್ಗೆ ಎಲ್ರೂ ಬಂದು, ಎಲ್ಲೂ ಹಿಡ್ಕೊಳ್ದೆ ಹತ್ತು ನಿಮಿಷ ತೇಲಿ ತೋರಿಸ್ಬೇಕು. ಬರದೋರಿಗೆ ಕೋಚ್ ಇಟ್ಟು ಕಲಿಸ್ತಾನೆ. ಆಮೇಲೆ ಒಂದು ವೀಕೆಂಡು ಮೂಲ್ಕಿ, ಅಲ್ಲಿನ ಕೋಚ್‌ಗಳ ಹತ್ರಾನೇ. ಅಲ್ಲಿ ಇಷ್ಟ ಆದ್ರೆ ಮಾತ್ರ ಲಂಕಾ. ಎಷ್ಟೋ ಜನ ಮೂಲ್ಕೀಲೇ ಸಾಕು ಅಂತ ನಿಂತ್ರು, ಮತ್ತೆ ಮತ್ತೆ ಅಲ್ಲಿಗೇ ಹೋಗ್ತಿದಾರೆ, ಅದೂ ಒಳ್ಳೇದೇ, ಲಂಕಾ ಸೀಸನ್ ಮುಗಿದ ಮೇಲೂ ಮಳೆ ಹಿಡಿಯೋ ತನಕ ಅದು ನಡೀತಿರತ್ತೆ.

2024ರ ನವೆಂಬರಿಂದ 2025ರ ಏಪ್ರಿಲ್ ತನಕ ಎರಡನೇ ಸೀಸನ್. ರೇಟು 48,000, ಮೇಲೆ ಜಿಎಸ್‌ಟಿ, ಟಿಸಿಎಸ್ ಸೇರಿ ಹತ್ತಿರ ಹತ್ತಿರ ಐದು ಸಾವಿರ. ಹೋದ್ಸಲ ಬಂದೋರು ಏನಿದು ಒಂದೇ ವರ್ಷಕ್ಕೆ ಇಷ್ಟು ಜಾಸ್ತಿ ಅಂದ್ರು, ಟಿಸಿಎಸ್ ನಿಮ್ ಪ್ಯಾನ್‌ಗೇ ಜಮಾ ಆಗತ್ತೆ, ರಿಟರ್ನ್ ಹಾಕ್ದಾಗ ಸಿಗತ್ತೆ ಅಂತ ಒಬ್ಬೊಬ್ಬರಿಗೂ ನಾನೇ ಫೋನ್ ಮಾಡಿ ಹೇಳ್ದೆ. 74 ಜನ ಹೋದ್ರು. ತಲೆಗೆ ಅವನಿಗೆ ಉಳಿದಿದ್ದು 7,000, ಹಿಂದಿಗಿಂತ ಕಮ್ಮಿ, ಯಾಕಂದ್ರೆ ಅಲ್ಲಿಯೋರ ಪಾಲು ಜಾಸ್ತಿ ಆಗಿದೆ, ಆಗ್ಬೇಕಾದ್ದೇ. ಒಟ್ಟು 5,18,000. ಅವನ ಓಡಾಟ, ವೀಸಾ, ಆಫೀಸ್ ಖರ್ಚು 1,60,000 ಕಳೆದು 3,58,000 ಉಳೀತು. ಬೆಳ್ಳಂದೂರಿನ ಸಂಬಳದ ಮುಂದೆ ಇದು ಏನೂ ಅಲ್ಲ. ಮೂಲ್ಕಿ ವೀಕೆಂಡಿಂದ ಸ್ವಲ್ಪ ಬರತ್ತೆ, ಮಿಕ್ಕಿದ್ದಕ್ಕೆ ಮಳೆಗಾಲದಲ್ಲಿ ಟೆಸ್ಟಿಂಗ್ ಕಾಂಟ್ರ್ಯಾಕ್ಟ್ ತಗೋತಾನೆ. ಮನೆ ಬಾಡಿಗೆ ಇಲ್ಲ, ಅಮ್ಮನ ಜೊತೆ ಇದಾನೆ, ಮದುವೆ ಆಗಿಲ್ಲ, ಅದಕ್ಕೆ ನಡೀತಿದೆ. ಇಬ್ಬರು ಮಕ್ಕಳಿರೋರು ಈ ಲೆಕ್ಕ ನೋಡಿ ರಾಜೀನಾಮೆ ಬರೀಬಾರ್ದು.

ನಾನು ತಪ್ಪಿದ್ದೂ ಒಂದಿದೆ. ಮೊದಲೇ ಹೋಗ್ಬೇಡ ಅಂದಿದ್ದೆ, ಬಹಳ ಜಗಳ ಆಡಿದ್ದೆ. ಅವನು ನನ್ ಮಾತು ಕೇಳಿ ಇಲ್ಲೇ ಇದ್ದಿದ್ರೆ ಮಲ್ಲಿ ಯಾರು, ವೆಲಿಗಮದ ಅಕ್ಕ ಯಾರು ಅಂತ ಗೊತ್ತಾಗ್ತಿರಲಿಲ್ಲ. ಇಂಟರ್‌ನೆಟ್ಟಲ್ಲಿ ಹುಡುಕಿ ಯಾರೋ ಆಪರೇಟರ್ ಹಿಡಿದು ಒಪ್ಪಂದ ಮಾಡ್ಕೋಬಹುದಿತ್ತು, ಆದ್ರೆ ಡಿಸೆಂಬರ್ 29ರ ಬೆಳಗ್ಗೆ ಆ ಹನ್ನೆರಡು ನಿಮಿಷ ನೋಡಿದೋನು ಯಾರ ಕೈಗೆ ಜನರನ್ನ ಒಪ್ಪಿಸ್ಬೇಕು ಅಂತ ತಿಳ್ಕೊಂಡ ಹಾಗೆ ಬೇರೆ ಹೆಂಗೂ ತಿಳೀತಿರಲಿಲ್ಲ. ಒಂದು ಸೀಸನ್ ಹೋಗಿ ಇದ್ದು ಬರೋದು ಸರಿಯಿತ್ತು. ಪಾಠ ಹೇಳದೆ, ಬೋರ್ಡ್ ಕೊಳ್ಳದೆ, ಬರೀ ಇದ್ದು ನೋಡಿ ಬಂದಿದ್ರೆ ಇನ್ನೂ ಕಮ್ಮಿ ಖರ್ಚಲ್ಲಿ ಆಗ್ತಿತ್ತು ಅಂತ ಈಗ ಕೇಳೋರಿಗೆ ಹೇಳ್ತೀನಿ.

ಆರು ಬೋರ್ಡಲ್ಲಿ ಐದು ಮಲ್ಲಿಗೇ ಮಾರ್ದ, ಕಂತಲ್ಲಿ ಕೊಡ್ತಿದಾನೆ. ಒಂದು ವೆಲಿಗಮದ ಅಕ್ಕನ ಮನೆ ಮಹಡೀಲಿ ಇವನ ಹೆಸರು ಬರೆದು ಇಟ್ಟಿದಾರೆ. ಎರಡನೇ ಸೀಸನಲ್ಲಿ ಅವನು ನೀರಿಗಿಳಿದಿದ್ದು 24 ದಿನ. ಡೈರಿ ತೋರಿಸಿ, 131 ಎಲ್ಲಿ, 24 ಎಲ್ಲಿ ಅಕ್ಕ ಅಂದ. ನನ್ ಹತ್ರ ಅದಕ್ಕೆ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಗುಂಪು ಇಲ್ಲದ ವಾರಗಳಲ್ಲಿ ಒಬ್ಬನೇ ಶುಕ್ರವಾರ ರಾತ್ರಿ ಮೂಲ್ಕಿ ಬಸ್ ಹತ್ತುತ್ತಾನೆ, ಮೊದಲಿನ ಹಾಗೇ, ಶಿರಾಡಿ ಘಾಟಿ ಇಳಿದ ಮೇಲೆ ಅಮ್ಮಂಗೆ ಒಂದು ಮೆಸೇಜ್ ಹಾಕ್ತಾನೆ.